ಕತ್ತಿ ನೋಡೋ ಶಾಸ್ತ್ರ

ಕಾಲು ಒಳಗೆ ಎಳ್ಕೊ ಕೂಸೇ, ಕಂಬಳಿ ಸರಿಯಾಗಿ ಹೊದ್ಕೊ. ಮಧ್ಯೆ ಮಧ್ಯೆ ಹ್ಞೂಂ ಅಂತಿರಬೇಕು ಮತ್ತೆ, ಇಲ್ಲಾಂದ್ರೆ ನಾನು ಗೋಡೆಗೆ ಕತೆ ಹೇಳ್ದಂಗಾಗುತ್ತೆ. ಯಾವ ಕಾಲವೋ ನನಗೂ ಗೊತ್ತಿಲ್ಲ, ನನಗೆ ಹೇಳಿದ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಅಂಥಾ ಒಂದು ಕಾಲದಲ್ಲಿ ಕಾರೆಗುಡ್ಡ ಅಂತ ಒಂದು ಕೋಟೆ ಊರಿತ್ತಂತೆ, ಅದಕ್ಕೆ ಬೊಮ್ಮಣ್ಣ ನಾಯಕ ಅಂತ ಪಾಳೇಗಾರ, ಅವನಿಗೆ ಒಬ್ಬಳೇ ಮಗಳು, ಕೆಂಚವ್ವ ಅಂತ. ತಾಯಿ ಇರಲಿಲ್ಲ ಪಾಪ, ಅವಳನ್ನ ಸಾಕಿದ್ದು ಸೋದರತ್ತೆ ದ್ಯಾಮವ್ವ. ದ್ಯಾಮವ್ವಂಗೆ ಮೂಗಿನ ತುದೀಲೇ ಸಿಟ್ಟು. ಅವಳಿಗಾದದ್ದು ನಿನಗಾಗಿದ್ರೆ ನಿನಗೂ ಬರ್ತಿತ್ತು ಬಿಡು.

ಏನಾಗಿತ್ತು ಅಂದ್ರೆ, ಆ ಸೀಮೆ ಪಾಳೇಗಾರರಲ್ಲಿ ಒಂದು ಪದ್ಧತಿ ಇತ್ತಂತೆ. ಮದುವೆ ಗಂಡಿಗೆ ಯುದ್ಧ ಗಿದ್ಧ ಅಂತ ಬರಕ್ಕಾಗದಿದ್ರೆ ತನ್ನ ಕತ್ತೀನ ಕಳಿಸೋದು, ಹುಡುಗಿ ಪಕ್ಕದ ಮಣೆ ಮೇಲೆ ಆ ಕತ್ತಿ ಇಡೋದು, ತಾಳೀನ ಕತ್ತಿಗೆ ಮುಟ್ಟಿಸಿ ಹುಡುಗಿ ಕೊರಳಿಗೆ ಕಟ್ಟೋದು, ಅಲ್ಲಿಗೆ ಮದುವೆ ಆದಂಗೇ. ದ್ಯಾಮವ್ವಂಗೂ ಹಂಗೇ ಒಂದು ಕತ್ತಿ ಬಂತಂತೆ, ತಾಳಿ ಕಟ್ಟಿದ್ರಂತೆ, ಆಮೇಲೆ ಪುರೋಹಿತರು ಆರತಿ ಮಾಡೋಣ ಅಂತ ಕತ್ತಿ ಎತ್ತಿದ್ರೆ ಹಿಡಿ ಮಾತ್ರ ಅವರ ಕೈಗೆ ಬಂತಂತೆ, ಅಲಗು ಮಣೆ ಮೇಲೇ ಉಳೀತಂತೆ. ತಗೊ, ಊರೆಲ್ಲಾ ಜಗಳ. ಗಂಡ ಎರಡು ತುಂಡಾದ, ಹುಡುಗಿ ವಿಧವೆ ಅಂದ್ರಂತೆ ಕೆಲವರು. ಹಿಡಿ ಗಟ್ಟಿಯಾಗಿದೆಯಲ್ಲ, ಮುತ್ತೈದೇನೇ ಅಂದ್ರಂತೆ ಇನ್ನು ಕೆಲವರು. ಕಡೆಗೆ ಹಿರಿಯರೆಲ್ಲಾ ಕೂತು, ಒಂದು ಕೈಗೆ ಬಳೆ ಹಾಕ್ಕೊಳ್ಲಿ, ಇನ್ನೊಂದು ಕೈ ಬೋಳಿರ್ಲಿ ಅಂತ ತೀರ್ಮಾನ ಮಾಡಿದ್ರಂತೆ. ನಗಬೇಡ ಕಣೇ! ಆ ಗಂಡು ಅಪಶಕುನ ಅಂತ ಈ ಕಡೆ ತಲೆ ಹಾಕಲೇ ಇಲ್ಲ. ಹಬ್ಬದಲ್ಲಿ ಅರಿಶಿನ ಕುಂಕುಮಕ್ಕೆ ಕರೀಬೇಕೋ ಬೇಡವೋ ಗೊತ್ತಾಗದೆ ಹೆಂಗಸರು ಅವಳನ್ನ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸ್ತಿದ್ರಂತೆ. ಅದನ್ನೆಲ್ಲಾ ನೋಡ್ತಾ ಬೆಳೆದವಳು ಕೆಂಚವ್ವ. ತನಗೂ ಅದೇ ಗತಿ ಬಂದ್ರೆ ಏನಪ್ಪಾ ಅಂತ ಅವಳಿಗೆ ಒಳಗೊಳಗೇ ಭಯ.

ಆಮೇಲೆ ಕೆಂಚವ್ವಂಗೆ ಮದುವೆ ವಯಸ್ಸು ಬಂತಂತೆ. ಆಗ ಆ ಸೀಮೇಲಿ ಪರಂಗಿ ಕತ್ತಿ ಹುಚ್ಚು. ಪರಂಗಿ ಅಂದ್ರೆ ಹಣ್ಣಲ್ಲ, ಸಮುದ್ರದಾಚೆ ಯುರೋಪು ದೇಶದೋರು. ಅವರ ಕತ್ತಿ ನಮ್ಮದರಂಗೆ ಬಾಗಿರ್ತಿರಲಿಲ್ಲ, ನೆಟ್ಟಗೆ ಉದ್ದಕ್ಕೆ, ಎರಡೂ ಕಡೆ ಹರಿತ, ಹಿಡಿ ಹತ್ರ ಒಂದು ಅಡ್ಡಪಟ್ಟಿ. ಅಸಲಿ ಕತ್ತಿಗೆ ಒಳ್ಳೇ ಕುದುರೆಯಷ್ಟು ಬೆಲೆ. ಅದಕ್ಕೇ ಸಂತೇಲಿ ಅದರ ನಕಲು ಬಂತಂತೆ, ಅಗ್ಗಕ್ಕೆ. ನೋಡಕ್ಕೆ ಥೇಟ್ ಅದೇ. ಪಾಳೇಗಾರರೆಲ್ಲಾ ಬಿದ್ದೂ ಎದ್ದೂ ಕೊಂಡ್ಕೊಂಡು ಸೊಂಟಕ್ಕೆ ಸಿಗಿಸ್ಕೊಂಡು ಮೀಸೆ ತಿರುವಿದ್ದೇ ತಿರುವಿದ್ದು. ಅಂಥಾ ಮೂರು ಊರಿನ ನಾಯಕರಿಂದ ಕೆಂಚವ್ವಂಗೆ ಸಂಬಂಧ ಬಂತಂತೆ, ಮೂವರದೂ ಒಂದೇ ಮಾತು, ನಮಗೆ ಯುದ್ಧ ಇದೆ, ಪುರುಸೊತ್ತಿಲ್ಲ, ಕತ್ತಿ ಕಳಿಸ್ತೀವಿ.

ಬೊಮ್ಮಣ್ಣ ನಾಯಕ, ಯಾವ ಕತ್ತಿ ಮೊದಲು ಬರುತ್ತೋ ಅದಕ್ಕೇ ಮುಟ್ಟಿಸಿ ತಾಳಿ ಕಟ್ಟಿಸಿಬಿಡೋಣ ಅಂದ್ನಂತೆ. ಕೆಂಚವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ, ಅಪ್ಪಾಜಿ, ಹೆಣ್ಣು ನೋಡಕ್ಕೆ ಬಂದೋರು ನಡೆದು ತೋರಿಸು ಅಂತಾರೆ, ಜಡೆ ಬಿಚ್ಚಿ ತೋರಿಸು ಅಂತಾರೆ, ಹಾಡು ಹೇಳು ಅಂತಾರೆ, ಗಂಡಂತೂ ಬರಲ್ಲ, ಬರೋ ಕತ್ತೀನಾದ್ರೂ ನಾನು ನೋಡ್ಬೇಡ್ವಾ ಅಂದ್ಲಂತೆ. ಕತ್ತಿ ನೋಡೋ ಶಾಸ್ತ್ರ ಅಂತ ಎಲ್ಲಾದ್ರೂ ಉಂಟೇನೇ ಅಂತ ಅಪ್ಪ. ಇವತ್ತಿಂದ ಉಂಟು ಅಂತ ದ್ಯಾಮವ್ವ. ತಂಗಿ ಬಾಯಿ ತೆಗೆದಳು ಅಂದ್ರೆ ಬೊಮ್ಮಣ್ಣ ಗಪ್‌ಚುಪ್.

ಮೊದಲು ಹೊನ್ನಕೆರೆ ನಾಯಕನ ಕತ್ತಿ ಬಂತಂತೆ, ಪಲ್ಲಕ್ಕೀಲಿ, ವಾಲಗ ಊದಿಸ್ಕೊಂಡು. ಫಳಫಳ ಅಂತಿದೆ, ಹಿಡಿಗೆ ಕೆಂಪು ಹರಳು, ತುದೀಲಿ ಬಂಗಾರದ ಬಣ್ಣದ ಗುಂಡು. ತಂದೋರಿಗೆ ಉಪ್ಪಿಟ್ಟು ಕೇಸರಿಬಾತು ಕೊಟ್ಟು ಕೂರಿಸಿದ್ರಂತೆ. ಕೆಂಚವ್ವ ಕತ್ತೀನ ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ಲಂತೆ. ಗಿಲಿ ಗಿಲಿ ಗಿಲಿ. ಇದೇನಿದು ಹಿಡಿಯೊಳಗೆ ಏನೋ ಸಡಿಲ ಇದೆಯಲ್ಲ ಅಂದ್ರೆ, ಅಯ್ಯೋ ತಾಯೀ, ಮದುವೆ ಖುಷೀಲಿ ಅದು ಹಾಡ್ತಿದೆ ಅಂದ್ರಂತೆ ಅವರು. ಹಾಡೋದಾದ್ರೆ ಕುಣೀಲಿ ನೋಡೋಣ ಅಂತ ಇವಳು ಗಾಳೀಲಿ ಒಂದೇ ಒಂದು ಸಲ ಬೀಸಿದ್ಲಂತೆ, ಅಲಗು ಹಿಡಿ ಬಿಟ್ಟು ಸುಂಯ್ ಅಂತ ಹಾರಿ ಅವರದೇ ಡೋಲಿನೊಳಗೆ ನೆಟ್ಕೊಳ್ತಂತೆ! ಡೋಲಿನವನು ಹೋಯ್ತಲ್ಲಪ್ಪೋ ನನ್ನ ಅನ್ನ ಅಂತ ಬಾಯಿ ಬಡ್ಕೊಂಡ. ನೋಡಿದ್ರೆ ಹಿಡಿಯೊಳಗೆ ಹೋಗಿದ್ದ ಅಲಗಿನ ಬಾಲ ಹೆಬ್ಬೆಟ್ಟಿನಷ್ಟೂ ಇಲ್ಲ, ಅರಗು ತುಂಬಿ ಅಂಟಿಸಿದ್ರಂತೆ. ನನಗೆ ಬಂದಿದ್ದೂ ಇಂಥದ್ದೇ ಕಣೇ ಅಂತ ದ್ಯಾಮವ್ವ ಹಲ್ಲು ಕಡಿದ್ಲಂತೆ.

ಆಮೇಲೆ ಸೀಗೆಹಟ್ಟಿ ನಾಯಕನ ಕತ್ತಿ ಬಂತಂತೆ. ಅಲ್ಲಾಡಿಸಿದ್ರೆ ಸದ್ದಿಲ್ಲ. ಬೊಮ್ಮಣ್ಣಂಗೆ ಹೋದ ಜೀವ ಬಂದಂಗಾಯ್ತು, ಪುರೋಹಿತರನ್ನ ಕರೀರೋ ಅಂತ ಕೂಗಿದ. ತಡೀರಿ ಅಪ್ಪಾಜಿ ಅಂತ ಕೆಂಚವ್ವ ಕತ್ತಿ ತುದೀನ ಹೊಸ್ತಿಲಿಗೆ ಊರಿ ಮೇಲಿಂದ ಭಾರ ಬಿಟ್ಲಂತೆ. ಕತ್ತಿ ಬಗ್ಗಿತು. ಬಗ್ಗೋದೇನೂ ತಪ್ಪಲ್ಲ, ಒಳ್ಳೇ ಕತ್ತಿ ಬಗ್ಗೇ ಬಗ್ಗುತ್ತೆ, ಆದ್ರೆ ಕೈ ಬಿಟ್ಟ ಮೇಲೆ ವಾಪಸ್ ನೆಟ್ಟಗಾಗಬೇಕಲ್ಲ? ಇದು ಬಗ್ಗಿದ್ದು ಬಗ್ಗಿದಂಗೇ ನಿಂತುಬಿಡ್ತಂತೆ. ತಂದೋರು, ನೋಡಿ ನೋಡಿ, ಎಷ್ಟು ವಿನಯ, ಹೆಂಡತಿಗೆ ಈಗಲೇ ತಲೆಬಾಗ್ತಿದೆ ಅಂದ್ರಂತೆ. ನೆಟ್ಟಗೆ ಮಾಡಕ್ಕೆ ಅಂತ ಆ ಕಡೆ ಒತ್ತಿದ್ರೆ ಆ ಕಡೆಗೂ ಬಗ್ಗಿ ಹಾವಿನಂಗಾಯ್ತು. ಆಮೇಲೆ ಒರೆಯೊಳಗೂ ಹೋಗದೆ, ಪಲ್ಲಕ್ಕೀಲೂ ಹಿಡಿಸದೆ, ಹಳೇ ಸೀರೇಲಿ ಸುತ್ತಿ ಬಗಲಲ್ಲಿಟ್ಕೊಂಡು ಹೋದ್ರಂತೆ. ಅವರು ಊರ ಬಾಗಿಲು ದಾಟೋ ತನಕ ದ್ಯಾಮವ್ವ ಹಿಂದಿಂದ ಬೈತಾನೇ ಇದ್ಲು.

ಹ್ಞೂಂ ಅನ್ನೇ. ಮಲಗಿದ್ಯಾ? ಇಲ್ವಾ, ಸರಿ. ಆಮೇಲೆ ಮೂರನೇದು ಬಂತಂತೆ, ಮುಳ್ಳುಬೆಟ್ಟದ ಕಾಟನಾಯಕನದು. ಪಲ್ಲಕ್ಕಿ ಇಲ್ಲ, ವಾಲಗ ಇಲ್ಲ, ಓಬಳಜ್ಜ ಅಂತ ಒಬ್ಬ ಮುದಿ ಸಿಪಾಯಿ ಕಂಬಳೀಲಿ ಸುತ್ತಿ ಕುದುರೆ ಮೇಲೆ ತಂದಿದ್ದ. ಹಿಡಿಗೆ ಬರೀ ಚರ್ಮ, ಹರಳಿಲ್ಲ ಗಿರಳಿಲ್ಲ. ನಮ್ಮ ನಾಯಕರು ಹೇಳಿದ್ದಾರೆ ತಾಯೀ, ಇದೂ ನಕಲೇ, ಅಗ್ಗದ್ದೇ, ಸುಳ್ಳು ಹೇಳಬಾರದು, ಆದ್ರೆ ಅಲಗಿನ ಬಾಲ ಹಿಡಿಯೊಳಗೆ ಕೊನೇ ತನಕ ಹೋಗಿ ಆ ಕಡೆ ತುದೀಲಿ ಬಡಿದು ಕೂರಿಸಿದೆ, ಬೇಕಾದ ಹಂಗೆ ನೋಡ್ಕೊಳ್ಳಿ ಅಂದ್ನಂತೆ. ಕೆಂಚವ್ವ ಅಲ್ಲಾಡಿಸಿದ್ಲು, ಕತ್ತಿ ತೆಪ್ಪಗಿತ್ತು. ಹೊಸ್ತಿಲಿಗೆ ಊರಿ ಬಗ್ಗಿಸಿದ್ಲು, ಕೈ ಬಿಟ್ಟ ತಕ್ಷಣ ಠಣ್ ಅಂತ ನೆಟ್ಟಗಾಯ್ತು. ಇನ್ನು ಹರಿತ ಒಂದು ನೋಡ್ಬೇಕು ಅಂತ ಚಪ್ಪರಕ್ಕೆ ಕಟ್ಟಿದ್ದ ಬಾಳೆಕಂಬಕ್ಕೆ ಬೀಸಿದ್ರೆ, ಬಾಳೆಕಂಬವೂ ತುಂಡು, ಅದರ ಹಿಂದಿದ್ದ ಬಿದಿರುಗಳೂ ತುಂಡು, ಅರ್ಧ ಚಪ್ಪರ ಬಂದು ಬೊಮ್ಮಣ್ಣ ನಾಯಕನ ತಲೆ ಮೇಲೆ! ಮಾವಿನ ಸೊಪ್ಪಿನೊಳಗಿಂದ ತಲೆ ಹೊರಗೆ ಹಾಕಿ, ಇದೇ ಅಳಿಯ, ಇದೇ ಅಳಿಯ, ಸಾಕು ಮಾಡವ್ವಾ ಅಂದ್ನಂತೆ.

ಆಮೇಲೆ ಮಣೆ ಹಾಕಿದ್ರಂತೆ, ಕೆಂಚವ್ವ ಕೂತ್ಲಂತೆ, ಪಕ್ಕದಲ್ಲಿ ಕತ್ತಿ. ಪುರೋಹಿತರು ತಾಳಿ ಎತ್ತಿದ್ರಂತೆ. ಅಷ್ಟರಲ್ಲಿ ಕೆಂಚವ್ವಂಗೆ ಏನನ್ನಿಸ್ತೋ, ಓಬಳಜ್ಜಾ, ನಿಮ್ಮ ನಾಯಕರಿಗೆ ಯಾರ ಜೊತೆ ಯುದ್ಧ ಅಂದ್ಲಂತೆ. ಹೊನ್ನಕೆರೆ ನಾಯಕನ ಜೊತೆ ತಾಯೀ, ನಮ್ಮ ನಾಯಕರೂ ನಿಮ್ಮನ್ನ ಕೇಳಿದ್ರು ಅಂತ ಅವನು ದಂಡು ತಗೊಂಡು ಬಂದಿದ್ದಾನೆ ಅಂದ್ನಂತೆ. ಮತ್ತೆ ಕತ್ತಿ ಇಲ್ಲಿದೆಯಲ್ಲ, ಅವರ ಕೈಲಿ ಏನಿದೆ ಅಂದ್ಲಂತೆ ಇವಳು. ಮುದುಕ ನೆಲ ನೋಡಿದ. ಮನೇಲಿ ಎರಡಿತ್ತು ತಾಯೀ, ಗಟ್ಟಿಯಾದದ್ದು ಇದೊಂದೇ. ದ್ಯಾಮವ್ವನೋರ ಕತೆ ನಮ್ಮೂರಿಗೂ ಕೇಳಿತ್ತು. ನನ್ನ ಕತ್ತಿ ದೆಸೆಯಿಂದ ಇನ್ನೊಂದು ಹೆಣ್ಣಿಗೆ ಆ ಪಾಡು ಬರಬಾರದು ಅಂತ ನಮ್ಮ ನಾಯಕರು ಇದನ್ನ ಇಲ್ಲಿಗೆ ಕಳಿಸಿದ್ರು, ಇನ್ನೊಂದನ್ನ ತಾವು ತಗೊಂಡು ಹೋದ್ರು. ಅದು ಅಲ್ಲಾಡಿಸಿದ್ರೆ ಗೆಜ್ಜೆ ಥರ ಸದ್ದು ಮಾಡುತ್ತೆ ಅಂದ್ನಂತೆ.

ದ್ಯಾಮವ್ವಂಗೆ ಕಣ್ಣಲ್ಲಿ ನೀರು ಬಂತಂತೆ. ಇಷ್ಟು ವರ್ಷದಲ್ಲಿ ಯಾರೂ ಅವಳ ಪಾಡು ನೆನೆದು ಒಂದು ಒಳ್ಳೇ ಮಾತಾಡಿರಲಿಲ್ಲ, ಮುಖ ಕೂಡ ನೋಡದ ಹುಡುಗ ಒಬ್ಬ ನೆನೆದಿದ್ದ. ಕೆಂಚವ್ವ ತಟ್ಟನೆ ಮಣೆಯಿಂದ ಎದ್ದುಬಿಟ್ಲು. ಬೊಮ್ಮಣ್ಣ, ಏಯ್, ಮುಹೂರ್ತ ಮೀರುತ್ತೆ ಕಣೇ ಅಂತ ಕೂಗಿದ್ರೆ ದ್ಯಾಮವ್ವ ಅವನ ಎದುರಿಗೆ ಅಡ್ಡ ನಿಂತು, ಮೀರಿದ್ರೆ ಮೀರ್ಲಿ ಅಣ್ಣಾ, ನಂದೂ ಒಳ್ಳೇ ಮುಹೂರ್ತವೇ ಆಗಿತ್ತು, ಹೋಗೇ ಕೆಂಚಿ, ಬೇಗ ಹೋಗು ಅಂದ್ಲಂತೆ. ಧಾರೆ ಸೀರೇಲೇ, ಕತ್ತಿ ಬೆನ್ನಿಗೆ ಕಟ್ಕೊಂಡು ಕೆಂಚವ್ವ ಕುದುರೆ ಹತ್ತಿದ್ಲು, ಹಿಂದೆ ಓಬಳಜ್ಜ ಇನ್ನೊಂದು ಕುದುರೆ ಮೇಲೆ.

ಹೋಗಿ ನೋಡ್ತಾಳೆ, ಮುಳ್ಳುಬೆಟ್ಟದ ಬಯಲಲ್ಲಿ ಕಾಟನಾಯಕ ಬರೀ ಹಿಡಿ ಕೈಲಿ ಹಿಡ್ಕೊಂಡು ನಿಂತಿದ್ದಾನೆ, ಅಲಗು ಎಲ್ಲಿ ಹೋಯ್ತೋ ದೇವರೇ ಬಲ್ಲ. ಎದುರಿಗೆ ಹೊನ್ನಕೆರೆ ನಾಯಕ ಹೊಸ ಪರಂಗಿ ಕತ್ತಿ ಎತ್ತಿ ಇನ್ನೇನು ಬೀಸಬೇಕು. ಕೆಂಚವ್ವ ಕುದುರೆಯಿಂದ ಧುಮುಕಿ, ತಡೀರಿ, ಬೀಸೋಕ್ ಮುಂಚೆ ಕಿವಿ ಹತ್ರ ಹಿಡಿದು ಅಲ್ಲಾಡಿಸಿ ನೋಡ್ರೀ ಅಂತ ಕಿರುಚಿದ್ಲಂತೆ. ಇವಳಿಗೆ ತಲೆ ಕೆಟ್ಟಿದೆ ಅಂತ ಅವನು ನಕ್ಕು ಅಲ್ಲಾಡಿಸಿದ. ಗಿಲಿ ಗಿಲಿ ಗಿಲಿ. ಇದನ್ನ ಬೀಸಿದ್ರೆ ಅಲಗು ಎತ್ತ ಹಾರುತ್ತೋ ಹೇಳಕ್ಕಾಗಲ್ಲ, ನಿಮ್ಮ ಡೋಲಿನವನನ್ನ ಕೇಳಿ ಅಂದ್ಲಂತೆ. ಡೋಲಿನವನು ಹರಿದ ಡೋಲು ಎತ್ತಿ ತೋರಿಸಿದ. ಆಮೇಲೆ ನೋಡು, ಹೊನ್ನಕೆರೆ ದಂಡಿನೋರೆಲ್ಲಾ ಒಬ್ಬೊಬ್ಬರೇ ತಂತಮ್ಮ ಕತ್ತಿ ಕಿವಿಗೆ ಹಿಡಿದ್ರು, ಇಡೀ ಬಯಲು ಗಿಲಿಗಿಲಿ ಅಂತು. ಮುಂದಿನ ಸಾಲಿನೋರು ಹಿಂದೆ ತಿರುಗಿ, ಲೇ, ನೀನು ಎತ್ತಬೇಡ್ವೋ, ನನ್ನ ಕುತ್ತಿಗೆ ಇಲ್ಲೇ ಇದೆ ಅಂತ ಬೇಡ್ಕೊಳ್ಳೋಕೆ ಶುರು ಮಾಡಿದ್ರಂತೆ. ಯಾರೂ ಕೈ ಎತ್ತಕ್ಕೆ ತಯಾರಿಲ್ಲ. ಹೊನ್ನಕೆರೆ ನಾಯಕ, ಇವತ್ತು ಯಾಕೋ ದಿನ ಸರಿಯಿಲ್ಲ ಅಂತ, ಕತ್ತೀನ ಅಲುಗಾಡದಂಗೆ ತುಂಬಿದ ಕೊಡದ ಥರ ಎರಡೂ ಕೈಲಿ ಹಿಡ್ಕೊಂಡು ಮೆಲ್ಲಗೆ ಊರಿನ ದಾರಿ ಹಿಡಿದನಂತೆ. ದಂಡೂ ಅವನ ಹಿಂದೆ, ಹಂಗೇ ಮೆಲ್ಲಗೆ.

ಬಯಲು ಖಾಲಿಯಾದ ಮೇಲೆ ಕೆಂಚವ್ವ ಕಾಟನಾಯಕನ ಎದುರಿಗೆ ಹೋಗಿ ನಿಂತ್ಲಂತೆ, ಅಲ್ರೀ, ಗಟ್ಟೀದನ್ನ ಕಂಡೋರ ಮನೆಗೆ ಕಳಿಸಿ ಲಟಾರೀದನ್ನ ಹಿಡ್ಕೊಂಡು ಯುದ್ಧಕ್ಕೆ ಬರ್ತಾರೇನ್ರೀ, ಬುದ್ಧಿ ಎಲ್ಲಿಟ್ಟಿದ್ರಿ ಅಂತ ಚೆನ್ನಾಗಿ ಬೈದ್ಲಂತೆ. ಬೈತಾ ಬೈತಾ ಅವಳಿಗೇ ಅಳು ಬಂತು. ಅವನು ತಲೆ ತಗ್ಗಿಸಿ ಬೈಸ್ಕೊಂಡ. ಆಮೇಲೆ ಮೆಲ್ಲಗೆ, ಕತ್ತಿ ನಿಮಗೆ ಹಿಡಿಸಲಿಲ್ವಾ, ವಾಪಸ್ ತಂದ್ರಲ್ಲ ಅಂತ ಕೇಳಿದ್ನಂತೆ. ಹಿಡಿಸ್ತು, ಬಹಳ ಹಿಡಿಸ್ತು ಅಂದ್ಲಂತೆ ಕೆಂಚವ್ವ. ಆದ್ರೆ ಅದನ್ನ ಕಳಿಸಿದೋರು ಬದುಕಿಲ್ಲದಿದ್ರೆ ನಾನು ಬರೀ ಕಬ್ಬಿಣದ ಜೊತೆ ಸಂಸಾರ ಮಾಡ್ಲಾ? ಇಂಥಾ ಕತ್ತಿ ಹುಡುಕಿದ್ರೆ ಇನ್ನೊಂದು ಸಿಗುತ್ತೆ ನಾಯಕರೇ, ನಿಮ್ಮಂಥೋರು ಸಿಗಲ್ಲ, ನಡೀರಿ, ಮಣೆ ಮೇಲೆ ನೀವೇ ಬಂದು ಕೂತ್ಕೊಳ್ಳಿ.

ಅವನು ಬಂದು ಕೂತ್ನಂತೆ, ತನ್ನ ಕೈಯಾರೆ ತಾಳಿ ಕಟ್ಟಿದ್ನಂತೆ, ಊರಿಗೆಲ್ಲಾ ಹೋಳಿಗೆ ಊಟ. ಅಲ್ಲಿ ಅವರ ಸಂಸಾರ ಶುರುವಾಯ್ತು, ಇಲ್ಲಿ ನನ್ನ ಕತೆ ಮುಗೀತು. ಇನ್ನು ಕಣ್ಣು ಮುಚ್ಚು ನನ್ನವ್ವ.