ಎಕ್ಕ ಬೇಲಿಯಾಚೆ ನಿಂತದ್ದು

ಭೂಮಿ ಆಗಷ್ಟೇ ಹುಟ್ಟಿ, ಮೈಯೆಲ್ಲ ಹಸಿ ಮಣ್ಣಿನ ವಾಸನೆ ಹೊಡೆಯುತ್ತಿದ್ದ ಕಾಲ. ಆಗ ನದಿ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ಗಿಡಬಳ್ಳಿಗಳೂ ಮಾತಾಡುತ್ತಿದ್ದವು. ಮನುಷ್ಯರಿಗೆ ಅದೆಲ್ಲ ಕೇಳಿಸುತ್ತಲೂ ಇತ್ತು.

ಆಗಿನ್ನೂ ಬೇಸಿಗೆ ಅನ್ನುವುದನ್ನು ಯಾರೂ ಕಂಡಿರಲಿಲ್ಲ. ಮಳೆ ಬಂದು ಹೋಗಿತ್ತು, ಚಳಿ ಬಂದು ಹೋಗಿತ್ತು. ಮೂರನೆಯದೊಂದು ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಎಕ್ಕದ ಗಿಡವೂ ಈಗಿನಂತೆ ಇರಲಿಲ್ಲ. ಮೊಣಕಾಲೆತ್ತರದ ಪುಟ್ಟ ಗಿಡ. ಹಿತ್ತಿಲಲ್ಲಿ, ಬಚ್ಚಲ ನೀರು ಹರಿದು ಹೋಗುವ ಕಡೆ, ತುಂಬೆಯ ಪಕ್ಕದಲ್ಲಿ ಬೆಳೆಯುತ್ತಿತ್ತು. ಎಲೆ ನುಣ್ಣಗೆ, ಹಸಿರಾಗಿ ಮಿನುಗುತ್ತಿತ್ತು. ಹೂವಿಗೆ ಎಂಥ ಪರಿಮಳ ಅಂದರೆ, ಅದರ ಮುಂದೆ ಮಲ್ಲಿಗೆಯೂ ತಲೆ ತಗ್ಗಿಸುತ್ತಿತ್ತು.

ಅಂಥ ಎಕ್ಕವಿದ್ದ ಹಿತ್ತಿಲು ಸಂಕವ್ವನದು. ನದಿ ತಿರುಗುವ ಕಡೆ ಅವಳ ಮನೆ. ಮನೆಯಲ್ಲಿ ಮೂರು ಜನ: ಸಂಕವ್ವ, ಅವಳ ಗಂಡ ಬೈರಣ್ಣ, ಬೈರಣ್ಣನ ತಾಯಿ ಈರವ್ವ. ಇನ್ನೊಬ್ಬನೂ ಇದ್ದ. ಬೈರಣ್ಣ ಮನೆ ಕಟ್ಟಿ ತೊಲೆ ಏರಿಸಿದ ಮರುದಿನವೇ ಒಂದು ಕರಿ ದುಂಬಿ ಬಂದು, ತೊಲೆಯಲ್ಲಿ ದುಂಡನೆಯ ತೂತು ಕೊರೆದು ಸಂಸಾರ ಹೂಡಿತ್ತು.

"ಮನೆ ಕಟ್ಟಿದೋರು ನಾವು, ಗೃಹಪ್ರವೇಶ ಇದರದ್ದಾ?" ಎಂದು ಈರವ್ವ ತೂತಿಗೆ ಮೆತ್ತಲು ಕೈಯಲ್ಲಿ ಜೇಡಿಮಣ್ಣು ಹಿಡಿದು ಬಂದಿದ್ದಳು.

ಬೈರಣ್ಣ ನಕ್ಕು ಅವಳ ಕೈ ಹಿಡಿದ. "ಇರಲಿ ಬಿಡವ್ವ. ಅದಕ್ಕೂ ಒಂದು ಸೂರು ಬೇಕಲ್ಲ. ಗುಂಯ್ ಅಂತಿದ್ರೆ ನನಗೂ ನಿದ್ದೆ ಚೆನ್ನಾಗಿ ಬರ್ತದೆ."

ಹೀಗೆ ದುಂಬಿ ಮನೆಯವನೇ ಆದ.

ಆಮೇಲೆ ಆ ಮೊದಲ ಬೇಸಿಗೆ ಬಂತು. ಯಾರಿಗೂ ಹೇಳದೆ, ಬಾಗಿಲು ತಟ್ಟದೆ ಬಂತು. ನದಿ ಸಣ್ಣಗಾಗಿ ಕಲ್ಲುಗಳ ನಡುವೆ ನರಳಿತು. ಗಾಳಿ ಬಂದು ಬಾಗಿಲಲ್ಲಿ ನಿಂತು, "ನನ್ನ ಮೈ ಸುಡ್ತಾ ಐತೆ ಸಂಕವ್ವ, ನನ್ನನ್ನ ಒಳಗೆ ಕರೀಬೇಡ" ಎಂದಿತು. ಅಡವಿಯ ಹೂವೆಲ್ಲ ಉದುರಿತು. ಸಂಕವ್ವನ ಹಿತ್ತಿಲಲ್ಲಿ ಮಾತ್ರ ಹೂವಿತ್ತು. ಅವಳು ಕೊಡ ಕೊಡ ನೀರು ಹೊತ್ತು ತಂದು ಹುಯ್ಯುತ್ತಿದ್ದಳು.

ಅದೇ ಬಿಸಿಲಿಗೆ ಬೈರಣ್ಣನಿಗೆ ಉರಿಜ್ವರ ಬಂತು. ಮಲಗಿದವನು ಏಳಲಿಲ್ಲ.

ಅಂಗಳದ ಮೂಲೆಯಲ್ಲಿ ನದಿಯಿಂದ ತಂದಿಟ್ಟ ದುಂಡನೆಯ ಕಲ್ಲೊಂದಿತ್ತು. ಅದೇ ಆ ಮನೆಯ ಶಿವ. ಸಂಕವ್ವ ಒದ್ದೆ ಸೀರೆಯಲ್ಲಿ ಅದರ ಮುಂದೆ ನಿಂತು ಕೈ ಮುಗಿದಳು.

"ಸ್ವಾಮಿ, ಇವರು ಎದ್ದು ಕೂರೋ ತನಕ ನನ್ನ ಹಿತ್ತಿಲಲ್ಲಿ ಅರಳಿದ ಹೂವೆಲ್ಲ ನಿನ್ನದು. ಒಂದನ್ನೂ ಗಿಡದ ಮೇಲೆ ಉಳಿಸೋದಿಲ್ಲ. ಇವರನ್ನ ಉಳಿಸಿಕೊಡು."

ಮಾತು ಕೊಟ್ಟಮೇಲೆ ಅವಳು ಅದರಂತೆಯೇ ನಡೆದಳು. ದಿನವೂ ಬೆಳಕು ಹರಿಯುವ ಹೊತ್ತಿಗೆ ಬುಟ್ಟಿ ಹಿಡಿದು ಹೋಗಿ ಹೂ ಬಿಡಿಸುತ್ತಿದ್ದಳು. ತುಂಬೆ ಬಿಡಿಸಿದಳು, ಎಕ್ಕ ಬಿಡಿಸಿದಳು. ಬದನೆಯ ಹೂ, ಅವರೆಯ ಹೂ, ಬೇಲಿಗೆ ಹಬ್ಬಿದ ಕುಂಬಳದ ಹಳದಿ ಹೂ, ಎಲ್ಲವನ್ನೂ ಬಿಡಿಸಿದಳು. ಕಲ್ಲಿನ ಮೇಲೆ ಹೂವಿನ ರಾಶಿ ಬೆಳೆಯಿತು. ನಿನ್ನೆಯ ಹೂವಿನ ಮೇಲೆ ಇವತ್ತಿನ ಹೂ. ದೇವರ ಮೈಮೇಲಿದ್ದುದನ್ನು ತೆಗೆಯಲು ಅವಳಿಗೆ ಭಯ.

"ಅವನಿಗೆ ಉಸಿರಾಡೋಕಾದರೂ ಜಾಗ ಬಿಡೇ" ಎಂದಳು ಈರವ್ವ.

"ನೀವು ಸುಮ್ಮನಿರಿ ಅತ್ತೆ."

"ಸುಮ್ಮನೇ ಇದ್ದೀನವ್ವ. ಮಲಗಿರೋನು ನನ್ನ ಮಗ. ಮಾತಾಡೋ ಶಕ್ತಿ ನನಗೆ ಎಲ್ಲಿಂದ ಬರಬೇಕು?"

ಒಂದು ಬೆಳಗ್ಗೆ ದುಂಬಿ ಬಂದು ಬುಟ್ಟಿಯ ಅಂಚಿನ ಮೇಲೆ ಕುಳಿತಿತು. ಅದರ ಕರಿ ಮೈಯ ಹೊಳಪು ಮಾಸಿತ್ತು.

"ಅವ್ವ, ನಾನು ಏಳೋ ಹೊತ್ತಿಗೆ ಗಿಡವೆಲ್ಲ ಬೋಳು. ಅಡವಿಗೆ ಹೋದರೆ ಅಡವಿಯೂ ಬೋಳು. ನಾನು ಏನು ತಿನ್ನಲಿ?"

"ಇದು ಶಿವನ ಪಾಲು ಕಣಪ್ಪ. ಮೊದಲು ಅವನದು."

"ಮೊದಲು ಅವನದೇ ಆಗಲಿ. ಆಮೇಲಿಂದು ಯಾವುದವ್ವ?"

ಸಂಕವ್ವ ಬುಟ್ಟಿ ಎತ್ತಿಕೊಂಡು ಕಲ್ಲಿನ ಕಡೆ ನಡೆದಳು. ದುಂಬಿ ಕಷ್ಟಪಟ್ಟು ಹಾರಿ ತೊಲೆಯ ತೂತಿಗೆ ಮರಳಿತು. ದಿನ ಕಳೆದಂತೆ ಅದರ ಗುಂಯ್‌ಗುಟ್ಟುವ ಸದ್ದು ಸಣ್ಣಗಾಯಿತು. ಕಡೆಗೆ ಕಿವಿಗೊಟ್ಟರೂ ಕೇಳದಷ್ಟಾಯಿತು.

ಬೈರಣ್ಣ ಸೂರು ನೋಡುತ್ತ ಮಲಗಿದ್ದ. "ದುಂಬಿ ಊರು ಬಿಡ್ತೇನೆ?" ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿದ. "ಸಂಕಿ, ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗೆ ಐತೆ. ಒಂದು ಹೋಳು ಕುಂಬಳಕಾಯಿ ಸಿಕ್ಕಿದರೆ ಸಾಕು, ತಂಪಾಗ್ತದೆ. ಬಳ್ಳಿಯಲ್ಲಿ ಬಿಟ್ಟಿಲ್ಲವಾ?"

"ಬಿಡ್ತದೆ" ಎಂದಳು ಸಂಕವ್ವ.

ಬಳ್ಳಿಯಲ್ಲಿ ಒಂದು ಕಾಯಿಯೂ ಇರಲಿಲ್ಲ. ಹೂ ಬಿಡಿಸಿದ ಬಳ್ಳಿಯಲ್ಲಿ ಕಾಯಿ ಎಲ್ಲಿಂದ ಬರಬೇಕು? ಈರವ್ವ ಬುಟ್ಟಿಯಿಂದ ಕುಂಬಳದ ಒಂದು ಹೂ ಎತ್ತಿ ತೋರಿಸಿದಳು. ಹೂವಿನ ಕೆಳಗೆ ಹೆಸರುಕಾಳಿಗಿಂತ ತುಸು ದೊಡ್ಡದಾದ ಹೀಚಿತ್ತು.

"ನೋಡು. ಇದು ಅವನು ಕೇಳಿದ ಕುಂಬಳಕಾಯಿ. ದುಂಬಿ ಒಂದು ಸಲ ಬಂದು ಮುಟ್ಟಿದ್ದರೆ ಬೆಳೀತಿತ್ತು. ದುಂಬಿ ಉಪವಾಸ, ಹೂ ಬುಟ್ಟಿಯಲ್ಲಿ."

ಸಂಕವ್ವ ಆ ಹೂವನ್ನು ಮತ್ತೆ ಬುಟ್ಟಿಗೆ ಹಾಕಿದಳು. ಒಂದು ಹೂ ಉಳಿಸಿದರೆ ಮಾತು ಮುರಿದ ಹಾಗೆ. ಮಾತು ಮುರಿದರೆ ಶಿವ ಕೈ ಬಿಟ್ಟಾನು. ಶಿವ ಕೈ ಬಿಟ್ಟರೆ ಇವರು ಉಳಿಯುವುದಿಲ್ಲ. ನಾಳೆ ನೋಡೋಣ ಅಂದುಕೊಂಡಳು. ಮರುದಿನವೂ ಎಲ್ಲವನ್ನೂ ಬಿಡಿಸಿದಳು.

ಇದನ್ನೆಲ್ಲ ಎಕ್ಕ ನೋಡುತ್ತಿತ್ತು. ದುಂಬಿಯ ಸದ್ದು ನಿಂತ ದಿನ ಸಂಜೆ ಅದು ಬೇರನ್ನು ಅಲುಗಿಸಿ ಭೂಮಿತಾಯಿಯನ್ನು ಕರೆಯಿತು.

"ತಾಯಿ, ನನ್ನನ್ನ ಎತ್ತರ ಮಾಡು. ಸಂಕವ್ವನ ಕೈಗೆ ಎಟುಕದಷ್ಟು ಎತ್ತರ. ನನ್ನ ಒಂದು ಗೊಂಚಲಾದರೂ ಉಳಿದರೆ ದುಂಬಿ ಬದುಕ್ತದೆ."

ಭೂಮಿತಾಯಿ ಬಿಸಿಲಿಗೆ ಬಿರುಕುಬಿಟ್ಟು ಮಲಗಿದ್ದಳು. "ಬೆಳೆಸೋಕೆ ನನ್ನ ಹತ್ತಿರ ನೀರಿಲ್ಲ ಮಗಳೇ. ನೀನೇ ಆಳಕ್ಕೆ ಇಳಿದು ಹುಡುಕ್ಕೋಬೇಕು. ಹಿತ್ತಿಲ ನೀರು ಕುಡಿದರೆ ಹಿತ್ತಿಲವರ ಹಂಗು ತಪ್ಪಲ್ಲ. ಬೇಲಿಯಾಚೆ ಕಲ್ಲುನೆಲಕ್ಕೆ ಹೋಗು."

"ಹೋಗ್ತೀನಿ."

"ಪರಿಮಳ ಇದ್ದರೆ ಜನ ಏಣಿ ಹಾಕಿಕೊಂಡಾದರೂ ಬರ್ತಾರೆ. ಅದನ್ನ ನನ್ನಲ್ಲಿ ಬಿಟ್ಟುಹೋಗು."

ಎಕ್ಕ, "ಆಮೇಲೆ ವಾಪಸ್ ಕೊಡ್ತೀಯಾ?" ಎಂದು ಕೇಳಿತು.

ಭೂಮಿತಾಯಿ ಮುಖ ತಿರುಗಿಸಿದಳು. ಅದೇ ಉತ್ತರ ಎಂದು ಎಕ್ಕಕ್ಕೆ ತಿಳಿಯಿತು. ತನ್ನ ಹೂಗಳನ್ನು ಕಡೆಯ ಸಲ ಮೂಸಿ ನೋಡಿಕೊಂಡಿತು. ಆಮೇಲೆ ಬೇಲಿಯ ಅಡಿಯಲ್ಲಿ ನುಸುಳಿ ಆಚೆಗೆ ಹೋಗಿ, ಕಲ್ಲು ಸೀಳಿಕೊಂಡು ಬೇರಿಳಿಸಿ, ಮೇಲಕ್ಕೆ ಮೇಲಕ್ಕೆ ಬೆಳೆಯಿತು. ಬೆಳೆಯುವಾಗ ಆದ ನೋವೆಲ್ಲ ಮೈಯೊಳಗೆ ಬೆಳ್ಳನೆಯ ಹಾಲಾಗಿ ತುಂಬಿಕೊಂಡಿತು.

ಬೆಳಗ್ಗೆ ಸಂಕವ್ವ ಬಂದು ನೋಡಿದರೆ, ಎಕ್ಕ ಬೇಲಿಯಾಚೆ ಆಳೆತ್ತರಕ್ಕೂ ಮಿಗಿಲಾಗಿ ನಿಂತಿದೆ. ತುದಿಯಲ್ಲಿ ಹೂವಿನ ಗೊಂಚಲು. ಅವಳು ತುದಿಗಾಲಲ್ಲಿ ನಿಂತು ಕೊಂಬೆ ಬಗ್ಗಿಸಲು ಹೋದಳು. ಎಲೆಯೊಂದು ಮುರಿದು ಹಾಲು ಚಿಮ್ಮಿ ಕಣ್ಣಿಗೆ ಬಿತ್ತು. ಸಂಕವ್ವ ಚೀರಿ ಕುಸಿದು ಕುಳಿತಳು.

"ನನ್ನನ್ನ ಬೈಕೋಬೇಡವ್ವ" ಎಂದಿತು ಎಕ್ಕ. "ಈ ಹೂ ನಿನ್ನ ಹಿತ್ತಿಲದ್ದಲ್ಲ. ನಿನ್ನ ಮಾತಿಗೆ ಸೇರಿದ್ದಲ್ಲ. ಬಿಟ್ಟುಬಿಡು."

ಆ ಕಣ್ಣು ಆಮೇಲೆ ಪೂರ್ತಿ ತಿಳಿಯಾಗಲೇ ಇಲ್ಲ. ಆದರೆ ಅವತ್ತು, ಆ ಉರಿಯ ನಡುವೆ, ಅವಳಿಗೆ ತಲೆಯ ಮೇಲೆ ಒಂದು ಸದ್ದು ಕೇಳಿಸಿತು. ಗುಂಯ್. ದುಂಬಿ ತೆವಳಿಕೊಂಡು ಬಂದು ಎಕ್ಕದ ಹೂವಿನ ಮೇಲೆ ಬಿದ್ದಿತ್ತು. ಪರಿಮಳವಿಲ್ಲದಿದ್ದರೂ ಅದು ದಾರಿ ಕಂಡುಕೊಂಡಿತ್ತು. ಅಷ್ಟು ಎತ್ತರದ ಹೂ ದೂರದಿಂದಲೇ ಕಾಣುತ್ತಿತ್ತಲ್ಲ.

ಸಂಜೆ ತೊಲೆಯೊಳಗೆ ಸದ್ದು ಮರಳಿತು. ಬೈರಣ್ಣ ಕಣ್ಣು ಬಿಟ್ಟ. "ಬಂತು ನೋಡು! ಇನ್ನು ಕಾಯಿ ಬಿಡ್ತದೆ, ಅಲ್ವೇನೆ?"

ಸಂಕವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

ಮರುದಿನ ಕುಂಬಳದ ಬಳ್ಳಿಯಲ್ಲಿ ಹೀಚು ಹೊತ್ತ ಹೂವೊಂದು ಅರಳಿತ್ತು. ಅವಳು ಅದರ ಮುಂದೆ ಬಹಳ ಹೊತ್ತು ನಿಂತಳು. ಉಳಿದ ಹೂವನ್ನೆಲ್ಲ ಬಿಡಿಸಿದಳು. ಈ ಹೂವನ್ನೂ ಅದರ ಪಕ್ಕದ ಹೀಚಿಲ್ಲದ ಬರಿಯ ಹೂವನ್ನೂ ಮಾತ್ರ ಬಳ್ಳಿಯಲ್ಲೇ ಉಳಿಸಿದಳು. ಕಲ್ಲಿನ ಮುಂದೆ ಹೋಗಿ, "ಕುಂಬಳದ ಬಳ್ಳಿಯಲ್ಲಿ ಹೂ ಉಳಿಸಿದ್ದೀನಿ. ಕೋಪ ಬಂದರೆ ನನ್ನ ಮೇಲೆ ಬರಲಿ, ಇವರ ಮೇಲೆ ಬೇಡ" ಎಂದಳು.

ದುಂಬಿ ಎಕ್ಕದಿಂದ ಬಳ್ಳಿಗೆ ಇಳಿಯಿತು. ಪಕ್ಕದ ಹೂವಿಗೆ ಹೊಕ್ಕು, ಮೈಗೆಲ್ಲ ಹಳದಿ ಪುಡಿ ಮೆತ್ತಿಕೊಂಡು, ಹೀಚಿನ ಹೂವಿಗೆ ಬಂತು. ಹೀಚು ಉದುರದೆ ನಿಂತಿತು.

ಅಲ್ಲಿಂದ ದಿನವೂ ಸಂಜೆ ಬೈರಣ್ಣ ಕೇಳುತ್ತಿದ್ದ, "ಎಷ್ಟು ದಪ್ಪ ಆಗೈತೆ?"

ಸಂಕವ್ವ ಹೆಬ್ಬೆರಳು ತೋರಿಸಿದಳು. ಇನ್ನೊಂದು ದಿನ ಮುಷ್ಟಿ ತೋರಿಸಿದಳು. ಇದ್ದುದಕ್ಕಿಂತ ಯಾವಾಗಲೂ ಒಂದಿಷ್ಟು ದೊಡ್ಡದಾಗಿಯೇ ತೋರಿಸುತ್ತಿದ್ದಳು. ಒಂದು ಸಂಜೆ ಎರಡೂ ಅಂಗೈ ಕೂಡಿಸಿ ಬೊಗಸೆ ಮಾಡಿ, "ಇಷ್ಟು" ಎಂದಳು. ಬೈರಣ್ಣ ಆ ಬೊಗಸೆಯನ್ನೇ ಕಾಯಿ ಅನ್ನುವ ಹಾಗೆ ತನ್ನ ಎರಡು ಕೈಯಲ್ಲಿ ಹಿಡಿದುಕೊಂಡ. "ತಣ್ಣಗೈತೆ" ಎಂದ.

"ಎಳೆಯದಾದರೂ ಸರಿ, ನಾಳೆ ಕೊಯ್ದು ಕೊಡು" ಎಂದಳು ಈರವ್ವ.

ಬೆಳಗ್ಗೆ ಸಂಕವ್ವ ಕುಡುಗೋಲು ಹಿಡಿದು ಬಳ್ಳಿಯ ಹತ್ತಿರ ಹೋದಳು. ತೊಟ್ಟಿಗೆ ಕೈ ಹಾಕಿದ್ದಳಷ್ಟೆ. ಒಳಗಿನಿಂದ ಈರವ್ವನ ಕೂಗು ಕೇಳಿಸಿತು.

ಕಾಯಿ ಬಳ್ಳಿಯಲ್ಲೇ ಉಳಿಯಿತು.

ನದಿಯ ದಡದಲ್ಲಿ ಬೈರಣ್ಣನನ್ನು ಸುಟ್ಟರು. ಗಾಳಿ ಅತ್ತಿತು. ಅಳುತ್ತ ಅಳುತ್ತ ಚಿತೆಯ ಬೂದಿಯನ್ನು ಮಡಿಲಲ್ಲಿ ತುಂಬಿಕೊಂಡು ಅವನ ಮನೆಯ ಕಡೆಗೇ ಬಂತು. ಆ ಬೂದಿ ಎಕ್ಕದ ಎಲೆಯ ಮೇಲೆ ಕುಳಿತಿತು, ಕುಂಬಳಕಾಯಿಯ ಮೇಲೆ ಕುಳಿತಿತು. ಎಕ್ಕ ಅದನ್ನು ಕೊಡವಲಿಲ್ಲ. ಕುಂಬಳವೂ ಕೊಡವಲಿಲ್ಲ.

ಸಂಕವ್ವ ಕಲ್ಲಿನ ಮುಂದೆ ಕುಳಿತಳು. "ಆ ಎರಡು ಹೂವಿಗೋಸ್ಕರ ಕರ್ಕೊಂಡೆಯಾ?"



ಈರವ್ವ ಮೆಲ್ಲನೆ ಬಂದು ಸೊಸೆಯ ಪಕ್ಕ ಕುಳಿತಳು. ಬಾಡಿ ಕಪ್ಪಾಗಿದ್ದ ಹೂವಿನ ರಾಶಿಯನ್ನು ಎರಡೂ ಕೈಯಲ್ಲಿ ಬಾಚಿ ಬಾಚಿ ತೆಗೆದಳು. ಎಷ್ಟೋ ತೆಗೆದ ಮೇಲೆ ಅಡಿಯಲ್ಲಿ ಕಲ್ಲು ಕಾಣಿಸಿತು.

"ನೀನು ಅವನನ್ನ ಮುಚ್ಚಿಟ್ಟಿದ್ದೆ ಕಣವ್ವ" ಎಂದಳು. "ನಮ್ಮ ಮನೆ ಅವನ ಕಣ್ಣಿಗೆ ಹೆಂಗೆ ಬೀಳಬೇಕು?"

ಅದು ನಿಜವೋ, ಇಲ್ಲ ಮಗನನ್ನು ಕಳೆದುಕೊಂಡ ತಾಯಿಯ ಮಾತೋ, ಸಂಕವ್ವನಿಗೆ ಯಾವತ್ತೂ ತಿಳಿಯಲಿಲ್ಲ. ಆಗ ಗಾಳಿ ಬೀಸಿ ಎಕ್ಕದ ಹೂವೊಂದು ಉದುರಿ ಬಂದು ಬರಿಗಲ್ಲಿನ ಮೇಲೆ ಬಿತ್ತು. ಯಾರೂ ಬಿಡಿಸದ ಹೂ, ಯಾರೂ ಹರಕೆ ಹೊರದ ಹೂ. ಕಲ್ಲಿನ ಮೇಲಿಂದ ಅದು ಜಾರಲಿಲ್ಲ. ಅಲ್ಲೇ ನಿಂತಿತು. ಎಕ್ಕದ ಹೂ ಶಿವನಿಗೆ ಪ್ರೀತಿಯಾದದ್ದು ಅವತ್ತಿನಿಂದ.

ಕುಂಬಳ ಬಲಿತು ದೊಡ್ಡದಾಯಿತು. ಎಡೆ ಇಡುವ ದಿನ ಸಂಕವ್ವ ಅದನ್ನು ಹೆಚ್ಚಿ, ಮೊದಲ ಹೋಳನ್ನು ಬಾಳೆ ಎಲೆಯಲ್ಲಿಟ್ಟು ಬೇಲಿಯ ಹತ್ತಿರ ಇಟ್ಟಳು. ಕಾಗೆ ಬಂದು ಮುಟ್ಟುವ ತನಕ ಅಲ್ಲೇ ನಿಂತಿದ್ದಳು. ಕಾಗೆ ತಡಮಾಡಲಿಲ್ಲ.

ಮಳೆ ಬಂದಾಗ ಅವಳು ಅದರ ಬೀಜವನ್ನು ಮನೆಮನೆಗೂ ಕೊಟ್ಟಳು. ಬೀಜದ ಜೊತೆಗೆ ಎಕ್ಕದ ಒಂದೊಂದು ಕಡ್ಡಿಯನ್ನೂ ಕೊಟ್ಟಳು.

"ಬೇಲಿಯಾಚೆ ನೆಡಿ. ಬೇರು ಹಿಡಿಯೋವರೆಗೆ ಕೈ ತೊಳೆದ ನೀರು ಹಾಕಿದರೆ ಸಾಕು, ಆಮೇಲೆ ಅದು ನಿಮ್ಮನ್ನ ಏನೂ ಕೇಳೋದಿಲ್ಲ. ಕಡಿದರೂ ಚಿಗುರ್ತದೆ. ದೇವರಿಗೆ ನಾಕು ಹೂ ತಗೊಳ್ಳಿ, ಮಿಕ್ಕಿದ್ದು ಬಿಡಿ. ಬೇಸಿಗೆಯಲ್ಲಿ ದುಂಬಿಗೆ ಬೇರೆ ಮನೆ ಇಲ್ಲ."

ಎಕ್ಕಕ್ಕೆ ಪರಿಮಳ ಮರಳಿ ಸಿಗಲಿಲ್ಲ. ಹಿತ್ತಿಲಿಗೆ ಮರಳಿ ಬಾ ಎಂದು ಯಾರೂ ಕರೆಯಲೂ ಇಲ್ಲ. ದುಂಬಿಯ ಮಕ್ಕಳು, ಮಕ್ಕಳ ಮಕ್ಕಳು ಮಾತ್ರ ಅದನ್ನು ಮರೆಯಲಿಲ್ಲ.

ಅದಕ್ಕೇ ಮಗು, ಬೇಸಿಗೆಯ ಮಧ್ಯಾಹ್ನ ಎಲ್ಲ ಗಿಡಗಳೂ ತಲೆ ಬಾಗಿಸಿದಾಗ, ಬೇಲಿಯಾಚೆ ಎಕ್ಕವೊಂದೇ ನೆಟ್ಟಗೆ ನಿಂತು, ಪರಿಮಳವಿಲ್ಲದ ಹೂ ಹೊತ್ತು ಕರಿ ದುಂಬಿಗಾಗಿ ಕಾಯುತ್ತಿರುತ್ತದೆ. ಅದರ ಎಲೆಯನ್ನೋ ಹಿತ್ತಿಲ ಬೂದುಗುಂಬಳವನ್ನೋ ಸವರಿದಾಗ ನಿನ್ನ ಬೆರಳಿಗೆ ಹತ್ತುವ ಬೆಳ್ಳನೆಯ ಪುಡಿ, ಆವತ್ತು ಗಾಳಿ ಹೊತ್ತು ತಂದ ಬೂದಿ.