ಗೋಡೆಯಾಚೆ ಹೋದ ಹೊಗೆ

ಊರ ಹೊರಗಿನ ದಿನ್ನೆಯ ಮೇಲೆ ಒಂದು ಕಾಲೇಜು ಇತ್ತು. ಒಂದು ವರ್ಷ ಆ ಜಿಲ್ಲೆಯಲ್ಲಿ ಒಂದು ಬಹುಮಾನ ಘೋಷಣೆಯಾಯಿತು. ಯಾವ ಕಾಲೇಜು ತಾನು ಗಾಳಿಗೆ ಬಿಡುವ ಇಂಗಾಲವನ್ನು ತನ್ನ ಮರಗಳು ಹೀರುವಷ್ಟಕ್ಕೆ ಇಳಿಸುತ್ತದೋ, ಅದಕ್ಕೆ ಆ ಬಹುಮಾನ.

"ಅದು ನಮಗೇ ಬರಬೇಕು," ಎಂದರು ಪ್ರಾಂಶುಪಾಲರು.

ಅಳೆಯುವ ಕೆಲಸ ಸಸ್ಯಶಾಸ್ತ್ರದ ನೇಮಿನಾಥ ಸರ್ ಪಾಲಿಗೆ ಬಂತು. ಅವರು ತಮ್ಮ ವಿದ್ಯಾರ್ಥಿನಿ ಶಾಂಭವಿಯನ್ನು ಜೊತೆಗೆ ಕರೆದುಕೊಂಡರು. ಮರಗಳು ಎಷ್ಟು ಹೀರುತ್ತವೆಂದು ತಿಳಿಯಲು ಇಬ್ಬರೂ ಅವುಗಳ ಸುತ್ತಳತೆ ತೆಗೆದರು. ಕರೆಂಟು, ಹಾಸ್ಟೆಲ್ಲಿನ ಗ್ಯಾಸು, ಜನರೇಟರಿನ ಡೀಸೆಲ್ಲು, ಆವರಣದೊಳಗೆ ಓಡಾಡುವ ಬೈಕು ಕಾರುಗಳು, ಎಲ್ಲವನ್ನೂ ಲೆಕ್ಕ ಹಾಕಿದರು. ಮರಗಳು ಹೀರುವುದಕ್ಕಿಂತ ಕಾಲೇಜು ಬಿಡುವುದೇ ಹೆಚ್ಚಾಗಿತ್ತು.

ಶಾಂಭವಿಗೆ ಒಂದು ಉಪಾಯ ಹೊಳೆಯಿತು. "ಸರ್, ಲೆಕ್ಕ ಕಾಂಪೌಂಡಿನ ಒಳಗಿಂದು ಅಷ್ಟರಿ. ಗಾಡಿಗಳನ್ನ ಗೇಟಿನ ಹೊರಗ ನಿಲ್ಲಿಸಿಬಿಟ್ರ?"

ಸರ್ ಸ್ವಲ್ಪ ಅನುಮಾನಿಸಿದರು. ಆದರೂ ಒಪ್ಪಿದರು. ಮರುದಿನದಿಂದ ದಿನ್ನೆಯ ಬುಡದ ಗೇಟು ಗಾಡಿಗಳಿಗೆ ಮುಚ್ಚಿತು, ಲೆಕ್ಕ ಸರಸರನೆ ಇಳಿಯಿತು. ಪ್ರಾಂಶುಪಾಲರು ಶಾಂಭವಿಯ ಬೆನ್ನು ತಟ್ಟಿದರು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಶಾಂಭವಿ ದಿನ್ನೆ ಇಳಿಯುತ್ತಿದ್ದಾಗ ದಾರಿಬದಿಯ ಕಲ್ಲಿನ ಮೇಲೆ ಒಬ್ಬ ಹುಡುಗಿ ಕುಳಿತಿದ್ದಳು. ಪಕ್ಕದಲ್ಲಿ ಊರುಗೋಲು. ಮುಖವೆಲ್ಲ ಬೆವರು. ಅವಳು ಮೊದಲ ವರ್ಷದ ಕಸ್ತೂರಿ. ಹುಟ್ಟಿನಿಂದಲೇ ಅವಳ ಒಂದು ಕಾಲಿಗೆ ಬಲವಿರಲಿಲ್ಲ.

"ಯಾಕ ಕಸ್ತೂರಿ, ಆರಾಮಿಲ್ಲೇನು?"

"ಏನಿಲ್ಲಕ್ಕಾ, ಏರಿಗೆ ದಮ್ಮು ಹತ್ತೇತಿ. ಮೊದಲ ಅಪ್ಪನ ಆಟೋ ಕ್ಲಾಸಿನ ಮುಂದನ ನಿಲ್ತಿತ್ತು. ಈಗ ಒಳಗ ಬಿಡೂದಿಲ್ಲಲ್ಲ." ಅವಳು ನಕ್ಕಳು. "ಇರಲಿ ಬಿಡಕ್ಕಾ. ಗಾಳಿ ಚೊಕ್ಕ ಆಗತೈತಂತಲ್ಲ, ನಾನೂ ಒಂದೀಟು ನಡೀತೀನಿ."

ಆ ನಗು ಶಾಂಭವಿಯ ಎದೆಗೆ ನಾಟಿತು. ಅವಳು ಕಸ್ತೂರಿಯ ಚೀಲ ಹೊತ್ತು, ಕೈ ಹಿಡಿದು ಕ್ಲಾಸಿನವರೆಗೆ ಬಿಟ್ಟಳು. ಆಮೇಲೆ ಗೇಟಿನಾಚೆ ಹೋಗಿ ನಿಂತು ನೋಡಿದಳು. ರಸ್ತೆಯ ಎರಡೂ ಬದಿಗೆ ಬೈಕು, ಕಾರು, ಆಟೋ. ನಿಲ್ಲಿಸಲು ಜಾಗ ಸಿಗದೆ ಕೆಲವು ಹೊಗೆಯುಗುಳುತ್ತ ಸುತ್ತು ಹಾಕುತ್ತಿದ್ದವು. ಹೊಗೆ ಕಡಿಮೆಯಾಗಿರಲಿಲ್ಲ. ಗೋಡೆ ದಾಟಿತ್ತು, ಅಷ್ಟೆ.

ಅವಳು ನೇಮಿನಾಥ ಸರ್ ಬಳಿ ಹೋಗಿ ಅತ್ತುಬಿಟ್ಟಳು. "ನನ್ನಿಂದ ತಪ್ಪಾತ್ರಿ ಸರ್. ಹೊಗಿ ಅಲ್ಲೇ ಐತಿ. ಕಸ್ತೂರಿ ಕಾಲು ಮಾತ್ರ ಸೋತಾವು."

"ಅಳಬ್ಯಾಡವಾ," ಎಂದರು ಸರ್. "ಉಪಾಯ ನಿಂದು, ಒಪ್ಪಿದಾಂವ ನಾನು. ಈಗ ಲೆಕ್ಕ ಎಲ್ಲಿಂದ ಶುರು ಮಾಡೋಣು?"

ಶಾಂಭವಿ ಕಣ್ಣೊರೆಸಿಕೊಂಡಳು. "ಎಲ್ಲಾರ ಮನಿ ಬಾಗಲಿಂದ್ರಿ ಸರ್."

ಕಸ್ತೂರಿಯ ಆಟೋಗೆ ಅಂದೇ ಗೇಟು ತೆರೆಯಿತು. ಯಾರು ಎಲ್ಲಿಂದ, ಹೇಗೆ ಬರುತ್ತಾರೆಂದು ಶಾಂಭವಿ ಪ್ರತಿಯೊಬ್ಬರನ್ನೂ ಕೇಳಿದಳು. ಹೊಸ ಲೆಕ್ಕ ಮೊದಲಿನದಕ್ಕಿಂತ ಎಷ್ಟೋ ದೊಡ್ಡದಾಯಿತು. ಪ್ರಾಂಶುಪಾಲರ ಮುಖ ಬಾಡಿತು.

"ಇದನ್ನ ಕೊಟ್ಟರ ಬಹುಮಾನ ಹೋಗತೈತಲ್ರಿ?"

"ಹೋಗಲಿ ಸರ್," ಎಂದರು ನೇಮಿನಾಥ ಸರ್. "ಸುಳ್ಳು ಲೆಕ್ಕ ಕಲಿಸಿ ಮಕ್ಕಳನ್ನ ಹ್ಯಾಂಗ ಮನಿಗೆ ಕಳಸೋಣು?"

ಪ್ರಾಂಶುಪಾಲರು ಲೆಕ್ಕದ ಹಾಳೆಗಳನ್ನು ಮತ್ತೊಮ್ಮೆ ತಿರುವಿ ನೋಡಿದರು. ಕೊನೆಗೆ ಸಹಿ ಹಾಕಿದರು. ಬಹುಮಾನ ಬೇರೆ ಕಾಲೇಜಿಗೆ ಹೋಯಿತು.

ಆದರೆ ಆ ದೊಡ್ಡ ಲೆಕ್ಕದಲ್ಲಿ ಯಾರೂ ಗಮನಿಸಿರದ ಒಂದು ಸಂಗತಿ ಕಂಡಿತು. ಒಂದೇ ಓಣಿಯ ಹುಡುಗರು ದಿನವೂ ಬೇರೆ ಬೇರೆ ಬೈಕಿನಲ್ಲಿ ಒಬ್ಬೊಬ್ಬರೇ ಬರುತ್ತಿದ್ದರು. ಅವರೆಲ್ಲ ಒಟ್ಟಿಗೆ ಬರಲು ಒಂದು ಬಸ್ಸು ಬೇಕೆಂದು ಬಸ್ ಡಿಪೋಗೆ ಅರ್ಜಿ ಹೋಯಿತು. ಪದೇ ಪದೇ ಅಲೆದ ಮೇಲೆ ದಿನ್ನೆಯವರೆಗೂ ಬಸ್ಸು ಬಂತು. ಕಸ್ತೂರಿಯ ಆಟೋದಲ್ಲಿ ಅವಳ ಓಣಿಯ ಇನ್ನಿಬ್ಬರು ಹುಡುಗಿಯರು ಜೊತೆಯಾದರು.

ಮರುವರ್ಷ ಶಾಂಭವಿ ಮತ್ತೆ ಅಳೆದಳು. ಲೆಕ್ಕ ಇನ್ನೂ ಸರಿದೂಗಿರಲಿಲ್ಲ. ಆದರೆ ನಿಜವಾಗಿಯೂ ಇಳಿದಿತ್ತು.

ಒಂದು ಬೆಳಿಗ್ಗೆ ತುಂಬಿದ ಬಸ್ಸಿಗೆ ಪ್ರಾಂಶುಪಾಲರು ಕೊಡೆ ಹಿಡಿದು ಹತ್ತಿದರು. ಮಕ್ಕಳೆಲ್ಲ ತಿರುಗಿ ನೋಡಿದರು. ಅವರು ಸಂಕೋಚದಿಂದ ಕಂಬಿ ಹಿಡಿದು ನಿಂತರು.

"ಕಾರು ಕೆಟ್ಟೈತೇನ್ರಿ ಸರ್?" ಎಂದು ಕೇಳಿದಳು ಶಾಂಭವಿ.

"ಇಲ್ಲವಾ," ಎಂದರು ಪ್ರಾಂಶುಪಾಲರು. "ಚಲೋನ ಐತಿ. ಮನ್ಯಾಗ ಬಿಟ್ಟು ಬಂದೀನಿ."

ಶಾಂಭವಿ ಸರಿದು ಕುಳಿತು ಅವರಿಗೆ ಜಾಗ ಮಾಡಿಕೊಟ್ಟಳು.

ನೀತಿ: ನಮ್ಮ ಹೊರೆಯನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿದರೆ ಅದು ಇಳಿದಂತಲ್ಲ. ಇರುವುದನ್ನು ಇರುವ ಹಾಗೆ ಅಳೆಯುವ ಧೈರ್ಯವಿದ್ದವರು ಮಾತ್ರ ಅದನ್ನು ನಿಜವಾಗಿ ಇಳಿಸಬಲ್ಲರು.