ಸೋಮವಾರದ ಉತ್ತರ

ಹೊಳೆದಂಡೆಯ ಮಠಕ್ಕೆ ಕಂಪ್ಯೂಟರ್ ಬಂದ ವರ್ಷ ಶಿಷ್ಯ ಅನ್ನದಾನಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅದನ್ನು ಟೆಲಿಫೋನ್ ತಂತಿಗೆ ಸಿಕ್ಕಿಸಿದರೆ ಒಂದಷ್ಟು ಹೊತ್ತು ಕಿರುಚಿಕೊಂಡು, ಆಮೇಲೆ ದೂರದೂರದ ಕಂಪ್ಯೂಟರುಗಳನ್ನು ಮಾತಾಡಿಸುತ್ತಿತ್ತು. ಈಗಿನ ಹಾಗೆ ಹೆಸರು ಒತ್ತಿದರೆ ಫೋಟೋ ಸಮೇತ ಮನುಷ್ಯ ಸಿಗುವ ಕಾಲ ಅದಲ್ಲ. ಒಂದೊಂದು ಸಂಸ್ಥೆಯ ಬಾಗಿಲಿಗೂ ಹೋಗಿ, ನಿಮ್ಮಲ್ಲಿ ಇಂಥವರು ಇದ್ದಾರೆಯೇ ಎಂದು ಕೇಳಬೇಕು. ನಡುವೆ ಲೈನ್ ಕಟ್ಟಾದರೆ ಮತ್ತೆ ಮೊದಲಿನಿಂದ ಶುರು.

ಚಂಬವ್ವ ಮಠದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಕೆ. ಅವಳಿಗೆ ರೇವಪ್ಪ ಎಂಬ ಒಬ್ಬನೇ ತಮ್ಮ. ಎತ್ತಿ ಆಡಿಸಿ, ಓದಿಸಿ, ದೊಡ್ಡವನನ್ನಾಗಿ ಮಾಡಿದವಳು ಅವಳೇ. ಹನ್ನೊಂದು ವರ್ಷದ ಹಿಂದೆ ಅವನು ಹೇಳದೆ ಕೇಳದೆ ಮದುವೆಯಾದ ಸಿಟ್ಟಿಗೆ, "ನನ್ನ ಹೆಣದ ಮುಖಾನೂ ನೋಡಬ್ಯಾಡ, ಹೋಗು" ಅಂದುಬಿಟ್ಟಿದ್ದಳು. ಅವನು ಹೋದ. ಉತ್ತರದಲ್ಲೆಲ್ಲೋ ಕಲ್ಲು ಮಣ್ಣು ಪರೀಕ್ಷೆ ಮಾಡುವ ಆಫೀಸಿನಲ್ಲಿದ್ದಾನೆ ಎಂಬುದಷ್ಟೇ ಅವಳಿಗೆ ಗೊತ್ತಿತ್ತು.

"ಆ ಮಾತು ಹಿಂದಕ್ಕ ತಗೋಬೇಕೋ ಯಪ್ಪಾ. ಹುಡುಕಿ ಕೊಡು," ಅಂದಳು.

ಅನ್ನದಾನಿ ಮೂರು ವಾರ ಹುಡುಕಿದ. ಒಂಬತ್ತನೆಯ ಆಫೀಸಿನ ಪಟ್ಟಿಯಲ್ಲಿ ರೇವಪ್ಪ ಸಿಕ್ಕ. ಊರಿನ ಹೆಸರೂ ತಾಳೆಯಾಯಿತು.

ಚಂಬವ್ವ ಹೇಳಿದಳು, ಅನ್ನದಾನಿ ಬರೆದ: "ತಮ್ಮಾ, ತಪ್ಪಾತು. ಮನೀಗೆ ಬಾ."

ಅದು ಸೋಮವಾರ. ಒಂದೇ ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಉತ್ತರ ಬಂತು. ನಾನು ಊರಲ್ಲಿಲ್ಲ, ಬಂದ ಮೇಲೆ ಬರೆಯುತ್ತೇನೆ ಎಂದಿತ್ತು. ಅಷ್ಟನ್ನೇ ಹೇಳಿದರೆ ತೀರ ಒಣಒಣ ಅನ್ನಿಸಿ, ಅನ್ನದಾನಿ ಅದರ ಮುಂದೆ ಒಂದು "ಅಕ್ಕಾ" ಸೇರಿಸಿ ಓದಿದ.

ಚಂಬವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಸುದ್ದಿ ಕೇಳಿ ಅವರು ಶಿಷ್ಯನನ್ನು ಕರೆದರು.

"ಉತ್ತರ ಎಷ್ಟೊತ್ತಿಗೆ ಬಂತೋ?"

"ಒಂದ ನಿಮಿಷದಾಗ್ರೀ, ಅಜ್ಜಾರ!"

"ಹನ್ನೊಂದು ವರ್ಷದ ಸಿಟ್ಟು ಒಂದ ನಿಮಿಷದಾಗ ಇಳೀತೇನು?"

ಅನ್ನದಾನಿ ನಕ್ಕ. ಅಜ್ಜಾರಿಗೆ ಕಂಪ್ಯೂಟರ್ ಎಲ್ಲಿ ತಿಳಿಯಬೇಕು ಅಂದುಕೊಂಡ.

ಆಮೇಲೆ ಪ್ರತಿ ಸೋಮವಾರ ಚಂಬವ್ವನ ಪತ್ರ ಹೋಯಿತು. ಪ್ರತಿ ಸೋಮವಾರ ಅದೇ ಉತ್ತರ ಬಂತು, ಒಂದಕ್ಷರವೂ ಬದಲಿಲ್ಲ. ನಾಲ್ಕನೆಯ ಸಲ ಅನ್ನದಾನಿಗೆ ಅನುಮಾನ ಬಂತು. ಅದೇ ಆಫೀಸಿನ ಇನ್ನೊಬ್ಬರಿಗೆ ಬರೆದು ಕೇಳಿದ.

ರೇವಪ್ಪ ತೀರಿಹೋಗಿ ಮೂರು ವರ್ಷವಾಗಿತ್ತು. ಬೆಟ್ಟದ ದಾರಿಯಲ್ಲಿ ಜೀಪು ಉರುಳಿತ್ತು. ಅಜ್ಜಾರು ಹೊಳೆಗೆ ಹೋಗುವಾಗ ಒಳಗಿಲ್ಲ ಎಂದು ಬಾಗಿಲಿಗೆ ಹಲಗೆ ಬರೆದು ತೂಗುಹಾಕುತ್ತಾರಲ್ಲ, ಹಾಗೆ ಅವನೂ ಹೊರಡುವ ಮುಂಚೆ ಯಾರ ಪತ್ರ ಬಂದರೂ ಇದನ್ನು ಕಳಿಸು ಎಂದು ಕಂಪ್ಯೂಟರಿಗೆ ಆ ಎರಡು ಸಾಲು ಹೇಳಿಕೊಟ್ಟು ಹೋಗಿದ್ದ. ಅದನ್ನು ನಿಲ್ಲಿಸುವುದು ಯಾರಿಗೂ ನೆನಪಾಗಿರಲಿಲ್ಲ.

ಸೋಮವಾರ ಚಂಬವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಏನಂತಾನೋ ನನ್ನ ತಮ್ಮ?"

ಅನ್ನದಾನಿ ಪರದೆಯ ಕಡೆ ತಿರುಗಿಕೊಂಡೇ ಓದಿದ. "ಅಕ್ಕಾ, ಬಂದ ಮ್ಯಾಲೆ ಬರೀತೇನಿ ಅಂದಾನ."

ಅದು ಹೇಡಿತನ. ಅವನು ಅದಕ್ಕೆ ಕರುಣೆ ಎಂದು ಹೆಸರಿಟ್ಟುಕೊಂಡ.

ಯುಗಾದಿ ಹೊತ್ತಿಗೆ ಚಂಬವ್ವನ ಹೊಟ್ಟೆಯಲ್ಲಿ ಗಡ್ಡೆ ಇದೆ ಅಂದರು. ತಡಮಾಡದೆ ಆಪರೇಷನ್ ಆಗಬೇಕು ಅಂದರು ಡಾಕ್ಟರು.

"ನಾ ದವಾಖಾನ್ಯಾಗ ಬಿದ್ದಾಗ ತಮ್ಮ ಬಂದು, ಬಾಗಿಲಿಗೆ ಕೀಲಿ ನೋಡಿ ಹಂಗ ತಿರುಗಿ ಹೋದರ?" ಅಂದಳು ಆಕೆ. "ಅವ ಬರಲಿ. ಆಮ್ಯಾಲೆ ಹೋಗತೇನಿ."

"ನೀ ಹೋಗಬೇ. ಅವ ಬಂದರ ನಾ ಹೇಳತೇನಿ," ಅಂದ ಅನ್ನದಾನಿ.

"'ಬಂದ ಮ್ಯಾಲೆ' ಅಂದಾನಂತ ನೀನ ಓದಿ ಹೇಳೀಯಲ್ಲೋ."

ಅದಕ್ಕಿದ್ದ ಒಂದೇ ಉತ್ತರವನ್ನು ಅವನು ಕೊಡಲಿಲ್ಲ.

ಮಳೆಗಾಲಕ್ಕೆ ಮುಂಚೆಯೇ ಚಂಬವ್ವ ಹೋದಳು. ಮಠದ ಹಿಂದಿನ ಹೊಲದಲ್ಲಿ ಮಣ್ಣು ಮಾಡಿದರು. ಜನ ಚದುರಿದ ಮೇಲೆ ಅನ್ನದಾನಿ ಅಜ್ಜಾರ ಕಾಲು ಹಿಡಿದು ಎಲ್ಲವನ್ನೂ ಹೇಳಿಕೊಂಡ.

"ಒಂದ ಸಮಾಧಾನ, ಅಜ್ಜಾರ," ಅಂದ ಕೊನೆಗೆ. "ಆಸೆ ಇಟಗೊಂಡ ಹೋದ್ಲು."

ಅಜ್ಜಾರು ಅವನನ್ನು ಹಿಡಿದೆಬ್ಬಿಸಿದರು.

"ಕಡೀಕ ಏನು ಬರಸಿದ್ಲು?"

"'ತಮ್ಮಾ, ಕಾದು ಕಾದು ಸೋತೆ. ನನ್ನ ಹೆಣದ ಮುಖಾನರ ನೋಡಾಕ ಬಾ' ಅಂತ್ರಿ."

"ಕಳಿಸಿದೇನು?"

"ಯಾರಿಗಂತ ಕಳಿಸ್ಲಿ, ಅಜ್ಜಾರ?"

"ಕಳಿಸು."

ಕಂಪ್ಯೂಟರಿನ ಕೋಣೆಗೆ ಎಂದೂ ಕಾಲಿಡದ ಅಜ್ಜಾರು ಅಂದು ಬಂದು ಅವನ ಬೆನ್ನ ಹಿಂದೆ ನಿಂತರು. ಅನ್ನದಾನಿ ಒಂದೊಂದೇ ಅಕ್ಷರ ಒತ್ತಿ ಕಳಿಸಿದ.

ಒಂದೇ ನಿಮಿಷದಲ್ಲಿ ಉತ್ತರ ಬಂತು.

"ಓದು," ಅಂದರು ಅಜ್ಜಾರು.

"ಅಕ್ಕಾ, ನಾ ಊರಾಗಿಲ್ಲ. ಬಂದ ಮ್ಯಾಲೆ..."

"ಅಕ್ಕಾ ಅನ್ನೂದು ಎಲ್ಲೈತಿ? ತೋರಿಸು."

ಅನ್ನದಾನಿ ಬೆರಳಿಟ್ಟು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದ. ಬೆರಳು ಪರದೆಯ ಮೇಲೆಯೇ ನಿಂತಿತು.

ಅಜ್ಜಾರು ಬಾಗಿಲು ತೆರೆದರು. ಹೊರಗೆ ಹೊಲ ಕಾಣುತ್ತಿತ್ತು.

"ಮಣ್ಣು ಇನ್ನೂ ಹಸೀನ ಐತಿ. ಹೋಗು, ಆಕಿಗೆ ಓದಿ ಹೇಳು. ಈ ಸಲ ಇದ್ದದ್ದಷ್ಟ ಓದು."